ಮ್ಯಾರಥಾನ್ ಓಟದ ಜೊತೆಗೆ ನಿಧಿ ಸಂಗ್ರಹ: ಜನರ ಬಳಿ ಹೇಗೆ ಕೇಳುವುದು, ಲೆಕ್ಕ ಹೇಗೆ ಇಡುವುದು?

ಪ್ರಶ್ನೆ: ಕ್ಯಾತ್ಸಂದ್ರದ ಓಟಗಾರ

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ನಡೆಯುವ ಮುಂಬೈ ಮ್ಯಾರಥಾನ್‌ನ 42.195 ಕಿ.ಮೀ. ಓಟಕ್ಕೆ ಹೆಸರು ನೋಂದಾಯಿಸಿದ್ದೇನೆ. ಪೂರ್ಣ ಮ್ಯಾರಥಾನ್ ಓಡುತ್ತಿರುವುದು ಇದೇ ಮೊದಲು. ಇನ್ನು ಹದಿನಾಲ್ಕು ವಾರಗಳಿವೆ. ಸದ್ಯ ಭಾನುವಾರಗಳಂದು 18 ಕಿ.ಮೀ. ಓಡುತ್ತಿದ್ದೇನೆ. ಇದೇ ಸಂದರ್ಭದಲ್ಲಿ, ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವ ಒಂದು ಸಣ್ಣ ಟ್ರಸ್ಟಿಗೆ 1,20,000 ರೂಪಾಯಿ ಕೂಡಿಸಿಕೊಡಬೇಕೆಂದು ಸಂಕಲ್ಪ ಮಾಡಿದ್ದೇನೆ. ನನ್ನ ತಂದೆಯವರು ಲಕ್ವ ಹೊಡೆದು ಹನ್ನೊಂದು ತಿಂಗಳು ಮಲಗಿದ್ದಾಗ, ಬೆನ್ನಿನಲ್ಲಿ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸುವುದನ್ನು, ಸೊಂಟದ ಕೆಳಗೆ ಮಡಿಸಿದ ಸೀರೆ ಹಾಸಿ ಒಬ್ಬರೇ ಹೊರಳಿಸುವುದನ್ನು ನಮ್ಮ ತಾಯಿಗೆ ಕಲಿಸಿಕೊಟ್ಟವರು ಆ ಟ್ರಸ್ಟಿನ ನರ್ಸಮ್ಮನವರು. ಆ ಋಣ ನನ್ನ ಮೇಲಿದೆ.

ಮೂರು ವಾಟ್ಸ್ಆ್ಯಪ್ ಗುಂಪುಗಳಿಗೆ ಸಂದೇಶ ಕಳಿಸಿ ಹತ್ತು ದಿನವಾಯಿತು. ಬಂದಿರುವುದು 6,500 ರೂಪಾಯಿ ಮಾತ್ರ. ಎರಡು ವರ್ಷದ ಹಿಂದೆ ನಮ್ಮ ಬೀದಿಯಲ್ಲಿ ಒಬ್ಬರ ಚಿಕಿತ್ಸೆಗೆಂದು ಎತ್ತಿದ ಹಣಕ್ಕೆ ಯಾರೂ ಲೆಕ್ಕ ಕೊಡಲಿಲ್ಲ, ಹಾಗಾಗಿ ಜನ ಹಿಂಜರಿಯುತ್ತಾರೆ. "ನೀನು ಮುಂಬೈಗೆ ಹೋಗಿ ಓಡುವುದಕ್ಕೆ ನಾವೇಕೆ ದುಡ್ಡು ಕೊಡಬೇಕು?" ಎಂದು ಚಿಕ್ಕಪ್ಪ ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಇದಲ್ಲದೆ, ಅಮೆರಿಕದಲ್ಲಿರುವ ಭಾವನವರು ನನ್ನ ಖಾತೆಗೇ ಹಣ ಹಾಕುತ್ತೇನೆ ಎನ್ನುತ್ತಿದ್ದಾರೆ. ಸಂಜೆ ಮನೆಮನೆಗೆ ಹೋಗಿ ಬಂದರೆ ಬೆಳಗಿನ ಓಟ ತಪ್ಪುತ್ತದೆ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1: ತಿಪಟೂರಿನ ಓಟಗಾರ್ತಿ

ನಿಮ್ಮ ಚಿಕ್ಕಪ್ಪನವರ ಪ್ರಶ್ನೆಯಿಂದಲೇ ಶುರುಮಾಡಿ, ಏಕೆಂದರೆ ಕೇಳದೆ ಸುಮ್ಮನಿದ್ದವರ ಮನಸ್ಸಿನಲ್ಲೂ ಅದೇ ಇರುತ್ತದೆ. ನೋಂದಣಿ ಶುಲ್ಕ, ರೈಲಿನ ಟಿಕೆಟ್, ಶೂ, ವಸತಿ ಎಲ್ಲವೂ ನಿಮ್ಮ ಸ್ವಂತ ಖರ್ಚು, ದಾನದ ಹಣದಲ್ಲಿ ಒಂದು ಪೈಸೆಯೂ ಓಟಕ್ಕೆ ಹೋಗುವುದಿಲ್ಲ ಎಂಬುದನ್ನು ನಿಮ್ಮ ಸಂದೇಶದ ಮೊದಲ ಸಾಲಿನಲ್ಲೇ ಬರೆಯಿರಿ. ಎರಡನೆಯ ಸಾಲಿನಲ್ಲಿ ತಂದೆಯವರ ವಿಷಯವಿರಲಿ. ಇಲ್ಲಿ ನಮಗೆ ಹೇಳಿದಿರಲ್ಲ, ಮಡಿಸಿದ ಸೀರೆಯ ಮಾತು, ಅದನ್ನು ಹಾಗೆಯೇ ಬರೆಯಿರಿ.

ಗುಂಪಿಗೆ ಕಳಿಸಿದ ಸಂದೇಶಕ್ಕೆ ಯಾರೂ ಬಾಧ್ಯರಲ್ಲ. ನಾನು ಬೆಂಗಳೂರಿನ ಹತ್ತು ಕಿ.ಮೀ. ಓಟಕ್ಕೆ ತಯಾರಾಗುತ್ತಾ ನಮ್ಮೂರ ಸರ್ಕಾರಿ ಶಾಲೆಯ ಗ್ರಂಥಾಲಯಕ್ಕೆ ಹಣ ಕೂಡಿಸಿದಾಗ ದಿನಕ್ಕೆ ಮೂವರಿಗೆ ಮಾತ್ರ, ಹೆಸರು ಹಿಡಿದು, ಫೋನ್ ಮಾಡಿ ಕೇಳುತ್ತಿದ್ದೆ. ನಮ್ಮ ಕಡೆ ಮದುವೆಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕವಿರುತ್ತದಲ್ಲ, ಅಂಥದೇ ಒಂದು ಉದ್ದನೆಯ ಪುಸ್ತಕ ಇಟ್ಟುಕೊಂಡೆ. ಹೆಸರು, ಊರು, ಮೊತ್ತ, ರಸೀದಿ ಸಂಖ್ಯೆ. ಕೊಬ್ಬರಿ ಮಾರುಕಟ್ಟೆಯ ಹತ್ತಿರ ಹೂವು ಮಾರುವ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಇಪ್ಪತ್ತು ರೂಪಾಯಿ ಕೊಟ್ಟು, ನಾನು ಬರೆದದ್ದನ್ನು ಓದಿ ಹೇಳೆಂದರು, ಮೊತ್ತದ ಮೇಲೆ ಬೆರಳಿಟ್ಟು ಇದೇನಾ ಎಂದು ಕೇಳಿ, ಖಾತ್ರಿಯಾದ ಮೇಲೆಯೇ ನನ್ನನ್ನು ಕಳಿಸಿದರು. ಲೆಕ್ಕ ಕೇಳುವವರು ನಿಮ್ಮ ಮೇಲೆ ಅನುಮಾನಪಡುತ್ತಿದ್ದಾರೆಂದು ನೊಂದುಕೊಳ್ಳಬೇಡಿ.

ಸಣ್ಣ ಮೊತ್ತವನ್ನು ಕೇಳಲು ಸಂಕೋಚವೂ ಬೇಡ. ಕ್ಯಾನ್ಸರಿನಿಂದ ಒಂದು ಕಾಲನ್ನು ಕಳೆದುಕೊಂಡ ಟೆರ್ರಿ ಫಾಕ್ಸ್ 1980ರಲ್ಲಿ ಕೃತಕ ಕಾಲಿನಲ್ಲಿ ಕೆನಡಾವನ್ನು ಓಡಿ ದಾಟಲು ಹೊರಟು, 143 ದಿನಗಳಲ್ಲಿ 5,373 ಕಿ.ಮೀ. ಕ್ರಮಿಸಿದಾಗ ಆತ ದೇಶವಾಸಿಗಳಿಂದ ಬಯಸಿದ್ದು ತಲೆಗೆ ಒಂದು ಡಾಲರ್. ನೀವು ಕಿಲೋಮೀಟರಿಗೆ ಐದು ರೂಪಾಯಿಯಂತೆ ಕೇಳಿ ನೋಡಿ. ಒಬ್ಬರಿಗೆ 210 ರೂಪಾಯಿ ಆಗುತ್ತದೆ, ಸುಮಾರು 570 ಜನ ಕೊಟ್ಟರೆ ನಿಮ್ಮ ಗುರಿ ಮುಟ್ಟುತ್ತದೆ.

ಉತ್ತರ 2: ಲೆಕ್ಕಿಗ, ತುಮಕೂರು

ಮೇಡಂ ಹೇಳಿದ ಪುಸ್ತಕದ ಮಾತು ಸರಿ. ಆದರೆ ಹಣ ನಿಮ್ಮ ವೈಯಕ್ತಿಕ ಖಾತೆಗೆ ಬರಲೇಬಾರದು. ಟ್ರಸ್ಟಿನ ಖಾತೆಯ ಕ್ಯೂಆರ್ ಕೋಡನ್ನೇ ಹಂಚಿ. ನಗದು ಕೊಟ್ಟವರಿಗೆ ಟ್ರಸ್ಟಿನ ರಸೀದಿ ಪುಸ್ತಕದಿಂದಲೇ ರಸೀದಿ ಹರಿದು ಕೊಡಿ. ಟ್ರಸ್ಟಿಗೆ 80ಜಿ ಮಾನ್ಯತೆ (ದಾನಿಗಳಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವಂಥದ್ದು) ಇದೆಯೇ ಎಂದು ಮೊದಲು ವಿಚಾರಿಸಿ. ಇದ್ದರೂ, 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ; ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗಂತೂ ಈ ವಿನಾಯಿತಿಯೇ ಇಲ್ಲ. ಆದ್ದರಿಂದ "ತೆರಿಗೆ ಉಳಿಯುತ್ತದೆ" ಎಂದು ಎಲ್ಲರಿಗೂ ಸಾರಾಸಗಟಾಗಿ ಹೇಳಬೇಡಿ. ವಿನಾಯಿತಿ ಬೇಕೆಂದವರ ಪ್ಯಾನ್ ಸಂಖ್ಯೆಯನ್ನು ಹಣ ಪಡೆಯುವಾಗಲೇ ಬರೆದುಕೊಳ್ಳಿ, ಆಮೇಲೆ ಹುಡುಕಿಕೊಂಡು ಹೋಗುವುದು ಬಹಳ ಕಷ್ಟ.

ಭಾವನವರ ವಿಷಯದಲ್ಲಿ ಎಚ್ಚರ ಬೇಕು. ಅವರು ಇಂದಿಗೂ ಭಾರತದ ಪೌರರಾಗಿದ್ದು, ತಮ್ಮ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸಿಕೊಳ್ಳುವುದಿಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ (ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇದ್ದರೂ, ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯಿಲ್ಲದ ಟ್ರಸ್ಟು ಅದನ್ನು ತೆಗೆದುಕೊಳ್ಳುವಂತಿಲ್ಲ. ನಿಮ್ಮ ಖಾತೆಗೆ ತರಿಸಿಕೊಂಡು ಟ್ರಸ್ಟಿಗೆ ದಾಟಿಸುವ ಯೋಚನೆಯನ್ನಂತೂ ಬಿಟ್ಟುಬಿಡಿ.

ಉತ್ತರ 3: ದೈಹಿಕ ಶಿಕ್ಷಕ, ಗುಬ್ಬಿ

ನಾನು ಓಟದ ಬಗ್ಗೆ ಮಾತ್ರ ಹೇಳುತ್ತೇನೆ. ಮನೆಭೇಟಿಗಳನ್ನು ಮಂಗಳವಾರ ಮತ್ತು ಗುರುವಾರದ ಸಂಜೆಗೆ ಸೀಮಿತಗೊಳಿಸಿ. ಶನಿವಾರ ರಾತ್ರಿ ಬೇಗ ಮಲಗಲೇಬೇಕು. ಭಾನುವಾರದ ದೂರವನ್ನು ವಾರಕ್ಕೆ ಎರಡು ಕಿ.ಮೀ.ನಷ್ಟು ಹೆಚ್ಚಿಸುತ್ತಾ, ನಾಲ್ಕನೆಯ ವಾರಕ್ಕೊಮ್ಮೆ ಇಳಿಸಿ, ಓಟಕ್ಕೆ ಮೂರು ವಾರ ಮುಂಚೆ 30 ರಿಂದ 32 ಕಿ.ಮೀ. ಮುಟ್ಟಿದರೆ ಸಾಕು. ಅಲ್ಲಿಂದ ಮುಂದೆ ಓಟವನ್ನು ಕಡಿಮೆ ಮಾಡುತ್ತಾ ಹೋಗಬೇಕು. ಹಣ ಕೊಟ್ಟವರಿಗೆ ಮುಖ ತೋರಿಸಬೇಕೆಂಬ ಹಟಕ್ಕೆ ಬಿದ್ದು ನೋವಿನ ಮೊಣಕಾಲಿನಲ್ಲಿ ಓಡಿದವರನ್ನು ನಾನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಪೆಟ್ಟಾದರೆ ಅದನ್ನೂ ದಾನಿಗಳಿಗೆ ತಿಳಿಸಿ, ಹಣ ಹೇಗೂ ರೋಗಿಗಳಿಗೆ ಸೇರುತ್ತದೆ.

ಅಮಾನಿಕೆರೆಯ ಸುತ್ತಲಿನ ದಾರಿ ಸಮತಟ್ಟಾಗಿದೆ. ಮುಂಬೈಯಲ್ಲಿ ಪೆಡ್ಡರ್ ರಸ್ತೆಯ ಏರು, ಕಾಲು ಸೋತ ಹೊತ್ತಿಗೆ ಎದುರಾಗುತ್ತದೆ. ಅದಕ್ಕಾಗಿ ಹದಿನೈದು ದಿನಕ್ಕೊಮ್ಮೆ ದೇವರಾಯನದುರ್ಗದ ರಸ್ತೆಯಲ್ಲಿ ನಿಧಾನವಾಗಿ ಹತ್ತಿ ಇಳಿಯಿರಿ. ಮುಂಬೈಯ ಸೆಕೆ ನಮ್ಮ ಹವೆಯಂತಲ್ಲ, ಬೆವರು ಆರುವುದೇ ಇಲ್ಲ. ಉಪ್ಪು ಬೆರೆಸಿದ ನೀರನ್ನು ಕುಡಿಯುತ್ತಾ ಓಡುವುದನ್ನು ಇಲ್ಲಿಯೇ ರೂಢಿಸಿಕೊಳ್ಳಿ.

ಕ್ಯಾತ್ಸಂದ್ರದ ಓಟಗಾರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಭಾವನವರ ಬಳಿ ಅಮೆರಿಕದ ಪಾಸ್‌ಪೋರ್ಟ್ ಇರುವುದರಿಂದ ಅವರ ಹಣ ಬೇಡವೆಂದು ತಿಳಿಸಿದೆ. ಅವರ ತಾಯಿಯವರು ತಮ್ಮ ಪಿಂಚಣಿಯಿಂದ 1,000 ರೂಪಾಯಿ ಕೊಡುವುದಾಗಿ ತಾವಾಗಿಯೇ ಹೇಳಿದರು. ನನ್ನ ಖಾತೆಗೆ ಬಂದಿದ್ದ 6,500 ರೂಪಾಯಿಯನ್ನು ಇಂದು ಟ್ರಸ್ಟಿಗೆ ಕಟ್ಟಿ, ಕೊಟ್ಟವರೆಲ್ಲರ ಹೆಸರಿನಲ್ಲಿ ಬೇರೆ ಬೇರೆ ರಸೀದಿ ಬರೆಸಿದ್ದೇನೆ. ಪುಸ್ತಕವನ್ನೂ ತಂದೆ. ನಾಳೆ ಸಂಜೆ ಅದನ್ನು ಹಿಡಿದು ಮೊದಲು ಚಿಕ್ಕಪ್ಪನ ಮನೆಗೆ ಹೋಗುತ್ತಿದ್ದೇನೆ.