ಕಾರವಾರದಲ್ಲೇ ಇದ್ದು ಸ್ವಂತ ಕಾರ್ಟೂನ್ ಸರಣಿ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಕಾಳಿದಂಡೆ ಕೇಳಿದ್ದು:

ನಮಸ್ಕಾರ. ಟಿವಿಗೆ ಒಂದು ಸ್ವಂತ ಕಾರ್ಟೂನ್ ಸರಣಿ ಮಾಡಬೇಕೆಂಬುದು ನನ್ನ ಬಹಳ ದಿನದ ಆಸೆ. ಕಥೆ ನಡೆಯುವುದು ಅಘನಾಶಿನಿ ಅಳಿವೆಯಲ್ಲಿ. ಬಳಚು (ತಿನ್ನುವ ಚಿಪ್ಪು) ಹೆಕ್ಕುವ ಮನೆಯ ಹತ್ತು ವರ್ಷದ ಹುಡುಗಿ, ಅವಳ ಜತೆಗಾರ ಒಂದು ನೀರುನಾಯಿ, ಊರಿಗೆ ಬಂದುಹೋಗುವ ಯಕ್ಷಗಾನ ಮೇಳದ ಒಬ್ಬ ವೇಷಧಾರಿ, ಇವರು ಮುಖ್ಯ ಪಾತ್ರಗಳು. 11 ನಿಮಿಷದ 26 ಕಂತು ಅಂದುಕೊಂಡಿದ್ದೇನೆ. ಅನಿಮೇಶನ್ ಡಿಪ್ಲೊಮಾ ಆಗಿದೆ. 16 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್, ಒಂದು ಪೆನ್ ಟ್ಯಾಬ್ಲೆಟ್ ಇದೆ. ಮೊದಲ ಕಂತನ್ನು ಪೂರ್ತಿ ಮುಗಿಸಿಕೊಂಡೇ ವಾಹಿನಿಯವರ ಹತ್ತಿರ ಹೋಗಬೇಕಾ? ಯಾವ ಸಾಫ್ಟ್‌ವೇರ್ ಒಳ್ಳೆಯದು? ತೋರಿಸಿದ ಮೇಲೆ ಕಥೆ ಕದ್ದರೆ ಏನು ಮಾಡುವುದು?

ತದಡಿರೇಖೆ:

ಪೂರ್ತಿ ಕಂತು ಮಾಡಲು ಹೋಗಬೇಡಿ. ಲೆಕ್ಕ ಹಾಕಿ ನೋಡಿ. ನಮ್ಮ ಟಿವಿಗೆ ಸೆಕೆಂಡಿಗೆ 25 ಫ್ರೇಮ್. 11 ನಿಮಿಷಕ್ಕೆ 16,500 ಫ್ರೇಮ್ ಆಯಿತು. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ 8,250 ಚಿತ್ರ ಬೇಕು, ಅದೂ ತೆರೆಯ ಮೇಲೆ ಒಂದೇ ಪಾತ್ರ ಇದ್ದರೆ. ಕರಡು, ಕ್ಲೀನಪ್, ಬಣ್ಣ ಸೇರಿ ದಿನಕ್ಕೆ 20 ಚಿತ್ರ ಮುಗಿಸುವವರಿಗೂ ಒಂದು ಕಂತಿಗೆ 400 ದಿನ ದಾಟುತ್ತದೆ. ಅಷ್ಟೆಲ್ಲ ಆದಮೇಲೆ ವಾಹಿನಿಯವರು ಹುಡುಗಿಯ ವಯಸ್ಸು ಏಳು ಮಾಡಿ ಅಂದರೆ ಅಷ್ಟೂ ನೀರಿನಲ್ಲಿ ಹೋಮ.

ಅವರ ಮುಂದೆ ಇಡಬೇಕಾದದ್ದು ಬೇರೆ. ಮೊದಲನೆಯದು ಸರಣಿಯ ಬೈಬಲ್, ಅಂದರೆ ಇಡೀ ಸರಣಿಯ ಪರಿಚಯ ಪುಸ್ತಿಕೆ, 10ರಿಂದ 12 ಪುಟ. ಒಂದೇ ವಾಕ್ಯದಲ್ಲಿ ಕಥೆಯ ತಿರುಳು, ಯಾವ ವಯಸ್ಸಿನ ಮಕ್ಕಳಿಗೆ ಎಂಬುದು, ಪ್ರತಿ ಪಾತ್ರಕ್ಕೆ ಅರ್ಧ ಪುಟ, ನಾಲ್ಕೈದು ಸಾಲಿನಲ್ಲಿ ಹತ್ತು ಕಂತಿನ ಸಾರಾಂಶ, ಸಿದ್ಧ ತೆರೆ ಹೇಗೆ ಕಾಣುತ್ತದೆ ಎಂದು ತೋರಿಸುವ ಮೂರ್ನಾಲ್ಕು ಬಣ್ಣದ ಚಿತ್ರ. ವಯಸ್ಸಿನ ಜಾಗದಲ್ಲಿ ‘ಎಲ್ಲ ಮಕ್ಕಳಿಗೂ’ ಎಂದು ಬರೆಯಬೇಡಿ. 4ರಿಂದ 6 ಬೇರೆ, 7ರಿಂದ 11 ಬೇರೆ, ನಿಮ್ಮದು ಎರಡನೆಯದು. ಆಮೇಲೆ 90 ಸೆಕೆಂಡಿನ ಅನಿಮ್ಯಾಟಿಕ್, ಅಂದರೆ ಸ್ಟೋರಿಬೋರ್ಡಿನ 40–60 ಚೌಕಗಳನ್ನು ನಿಜವಾದ ಧ್ವನಿಗೆ ಹೊಂದಿಸಿ ಓಡಿಸುವುದು. ಅದರೊಳಗಿನ 20 ಸೆಕೆಂಡನ್ನು ಮಾತ್ರ ಪೂರ್ತಿ ಅನಿಮೇಟ್ ಮಾಡಿ. ನಿಮ್ಮ ಕೈ ಹೇಗಿದೆ ಎಂದು ತೋರಿಸಲು ಅಷ್ಟು ಸಾಕು.

ಇದಕ್ಕಿಂತ ಮುಖ್ಯ ಇನ್ನೊಂದಿದೆ, ಹೆಚ್ಚಿನವರು ಸೋಲುವುದು ಅಲ್ಲೇ. 26 ಕಂತಿಗೂ ಒಂದೊಂದು ಸಾಲು ಬರೆದು ನೋಡಿ. ಎಂಟೊಂಬತ್ತಕ್ಕೆ ಪೆನ್ನು ನಿಂತರೆ ನಿಮ್ಮ ಕೈಯಲ್ಲಿರುವುದು ಒಂದು ಸಿನಿಮಾದ ಕಥೆ, ಸರಣಿ ಅಲ್ಲ. ಸದ್ಯ ನೀವು ಹೇಳಿದ್ದರಲ್ಲಿ ಜಾಗ ಇದೆ, ಪಾತ್ರ ಇದೆ, ಜಗಳ ಕಾಣಲಿಲ್ಲ. ಪ್ರತಿ ವಾರ ತಾನಾಗಿ ಗಲಾಟೆ ಹುಟ್ಟಿಸುವ ಸಂಬಂಧ ಒಂದು ಬೇಕು. ಹುಡುಗಿ ಎಲ್ಲವನ್ನೂ ಲೆಕ್ಕ ಮಾಡಿ ಕೂಡಿಡುವವಳು, ನೀರುನಾಯಿ ಸಿಕ್ಕಿದ್ದೆಲ್ಲ ಹಂಚಿಬಿಡುವುದು ಅಂತ ಇಟ್ಟುಕೊಳ್ಳಿ. ವೇಷಧಾರಿ ಬಾಯಿಬಿಟ್ಟರೆ ಪ್ರಸಂಗದ ಅರ್ಥಗಾರಿಕೆಯೇ ಬರುತ್ತದೆ, ಸಣ್ಣ ಸಂಗತಿಯೂ ಯುದ್ಧವಾಗುತ್ತದೆ. ಈ ಮೂವರನ್ನು ಒಂದು ದೋಣಿಯಲ್ಲಿ ಕೂರಿಸಿದರೆ ಕಥೆ ನೀವು ಹುಡುಕಬೇಕಾಗಿಲ್ಲ. ಪ್ರತಿ ಕಂತೂ ಅಲ್ಲಲ್ಲೇ ಮುಗಿಯಬೇಕು. ಮಕ್ಕಳ ವಾಹಿನಿಗಳು ಕಂತುಗಳನ್ನು ಕ್ರಮ ತಪ್ಪಿಸಿ ಮತ್ತೆ ಮತ್ತೆ ಹಾಕುತ್ತವೆ.

ಅಘನಾಶಿನಿ ಅಳಿವೆ 2024ರಲ್ಲಿ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದನ್ನು ಬೈಬಲ್ಲಿನಲ್ಲಿ ಒಂದು ಸಾಲು ಹಾಕಿ. ಹೊರಗಿನವರಿಗೆ ಜಾಗದ ತೂಕ ತಿಳಿಯುತ್ತದೆ. ಆದರೆ ಸರಣಿಯನ್ನು ಪರಿಸರ ಪಾಠ ಮಾಡಬೇಡಿ.

ಫ್ರೇಮ್ ಇಪ್ಪತ್ತೈದು:

ಸಾಫ್ಟ್‌ವೇರಿಗೆ ದುಡ್ಡು ಹಾಕುವ ಅಗತ್ಯ ಈಗ ಇಲ್ಲ. ಓಪನ್‌ಟೂನ್ಸ್ 2016ರಿಂದ ಉಚಿತ, ಬ್ಲೆಂಡರಿನೊಳಗೆ ಚಿತ್ರ ಬರೆಯುವ ಗ್ರೀಸ್ ಪೆನ್ಸಿಲ್ ಉಚಿತ, ಹಿನ್ನೆಲೆ ಬರೆಯಲು ಕ್ರಿಟಾ ಇದೆ. ಸ್ಟುಡಿಯೊ ಕೆಲಸಕ್ಕೆ ಸೇರುವ ದಿನ ಟೂನ್ ಬೂಮ್ ಹಾರ್ಮನಿ ಕಲಿತರಾಯಿತು. ಬ್ಲೆಂಡರ್ ಆದರೆ ಒಂದು ಎಚ್ಚರಿಕೆ: 4.3ರಲ್ಲಿ ಗ್ರೀಸ್ ಪೆನ್ಸಿಲನ್ನೇ ಹೊಸದಾಗಿ ಬರೆದಿದ್ದಾರೆ. ಯಾವ ಆವೃತ್ತಿಯಲ್ಲಿ ಶುರು ಮಾಡಿದಿರೋ ಅದರಲ್ಲೇ ಮುಗಿಸಿ, ನಡುವೆ ಬದಲಿಸಿದರೆ ಹಳೆಯ ಫೈಲ್ ಬೇರೆ ರೀತಿ ತೆರೆದುಕೊಳ್ಳಬಹುದು.

ಒಬ್ಬರೇ ಮಾಡುವುದಾದರೆ ಕಟ್‌ಔಟ್ ರಿಗ್, ಅಂದರೆ ಪಾತ್ರವನ್ನು ಬಿಡಿ ತುಂಡುಗಳಾಗಿ ಬರೆದು ಜೋಡಿಸಿ ಬೊಂಬೆಯಂತೆ ಆಡಿಸುವುದು. ಪಾತ್ರಕ್ಕೆ ಮೂರು ನೋಟ: ಎದುರು, ಮುಕ್ಕಾಲು, ಪಕ್ಕ. ಕೈಗೆ ಮೂರು ತುಂಡು: ಮೇಲ್ತೋಳು, ಮುಂಗೈ, ಹಸ್ತ. ಮೊಣಕೈ ಮಡಚಿದಾಗ ಬಿರುಕು ಬಿಡುವುದು ಎಲ್ಲರಿಗೂ ಬರುವ ತೊಂದರೆ. ಎರಡೂ ತುಂಡಿನ ತುದಿಯನ್ನು ಒಂದೇ ಅಳತೆಯ ಅರ್ಧವೃತ್ತ ಮಾಡಿ, ತಿರುಗುವ ಬಿಂದುವನ್ನು ಸರಿಯಾಗಿ ಆ ವೃತ್ತದ ನಡುವೆ ಇಡಿ, ಹೊರಗೆರೆಯನ್ನು ಬಣ್ಣದಿಂದ ಬೇರೆ ಪದರದಲ್ಲಿ ಇಡಿ. ಬಿಂದು ಸ್ವಲ್ಪ ಸರಿದರೂ ಕೈ ಮುರಿದ ಹಾಗೆ ಕಾಣುತ್ತದೆ. ಕ್ಲೋಸಪ್‌ಗೆ ಬೇರೆ ತಲೆ ಬರೆದುಕೊಳ್ಳಿ, ಸಣ್ಣ ತಲೆಯನ್ನೇ ಹಿಗ್ಗಿಸಿದರೆ ಗೆರೆ ದಪ್ಪವಾಗಿ ಬೇರೆ ಶಾಟಿಗೆ ಹೊಂದುವುದಿಲ್ಲ.

ತುಟಿ ಚಲನೆಗೆ ಎಂಟು ಬಾಯಿ ಸಾಕು: ಪ-ಬ-ಮಕ್ಕೆ ಮುಚ್ಚಿದ್ದು, ಆ, ಎ, ಇ, ಒ, ಉ, ಕೆಳತುಟಿಗೆ ಹಲ್ಲು ತಾಗುವ ವ-ಫ, ನಾಲಿಗೆ ಕಾಣುವ ತ-ನ-ಲ. ಇಂಗ್ಲಿಷಿಗೆ ಮಾಡಿದ ಚಾರ್ಟನ್ನು ಹಾಗೇ ಎತ್ತಿಕೊಂಡರೆ ಒತ್ತಕ್ಷರದಲ್ಲಿ ಎಡವುತ್ತೀರಿ. ‘ಕಪಿ’ಗೆ ತುಟಿ 2 ಫ್ರೇಮ್ ಮುಚ್ಚಿದರೆ ಸಾಕು, ‘ಅಪ್ಪ’, ‘ಹಬ್ಬ’ಕ್ಕೆ 4 ಬೇಕು. ಮುಚ್ಚಿದ ಬಾಯಿ ಧ್ವನಿಗಿಂತ 1–2 ಫ್ರೇಮ್ ಮುಂಚೆಯೇ ಬರಲಿ. ನಮ್ಮ ಮಾತು ಬಹುಪಾಲು ಸ್ವರದಲ್ಲೇ ಮುಗಿಯುವುದರಿಂದ ಕೊನೆಯಲ್ಲಿ ಬಾಯಿ ಟಪ್ಪೆಂದು ಮುಚ್ಚಬಾರದು. ‘ಬಂತು’ ಅಂದಮೇಲೆ ಉ ಬಾಯಿ 2–3 ಫ್ರೇಮ್ ಉಳಿದು ಆಮೇಲೆ ಸಡಿಲವಾಗಲಿ.

ಇನ್ನು ನೀರು. ಅಳಿವೆಯ ಕಥೆ ಅಂದಮೇಲೆ ಪ್ರತಿ ಶಾಟಿನಲ್ಲೂ ನೀರಿರುತ್ತದೆ. 8 ಚಿತ್ರದ ಒಂದು ಅಲೆ, ಚಿತ್ರಕ್ಕೆ 3 ಫ್ರೇಮ್: 24 ಫ್ರೇಮಿನ ಸುತ್ತು. ಅದರ ಮೇಲೆ 7 ಚಿತ್ರದ ಹೊಳಪಿನ ಪದರ, ಚಿತ್ರಕ್ಕೆ 4 ಫ್ರೇಮ್: 28ರ ಸುತ್ತು. ಎರಡೂ ಒಟ್ಟಿಗೆ ಮೊದಲಿನ ಸ್ಥಿತಿಗೆ ಮರಳುವುದು 168 ಫ್ರೇಮಿಗೊಮ್ಮೆ, ಹತ್ತಿರ ಹತ್ತಿರ ಆರೂಮುಕ್ಕಾಲು ಸೆಕೆಂಡ್. ಅಷ್ಟರೊಳಗೆ ಶಾಟ್ ಮುಗಿದಿರುತ್ತದೆ. ಎರಡನ್ನೂ 24ಕ್ಕೇ ಇಟ್ಟರೆ ನೀರು ಸೆಕೆಂಡಿಗೊಮ್ಮೆ ಮಿಡಿಯುವುದು ಕಣ್ಣಿಗೆ ಹೊಡೆಯುತ್ತದೆ. ಬೀಸುಬಲೆ ಎಸೆಯುವ ಶಾಟನ್ನು ಮೊದಲ ಕಂತಿನಲ್ಲಿ ಇಡಬೇಡಿ. ಕಣ್ಣುಕಣ್ಣಿನ ಬಲೆ ಗಾಳಿಯಲ್ಲಿ ಅರಳುವುದನ್ನು ಕೈಯಲ್ಲೇ ಬರೆಯಬೇಕಾಗುತ್ತದೆ.

ಹಿನ್ನೆಲೆಗೆ ಐದಾರು ಖಾಯಂ ಜಾಗ ಮಾಡಿಕೊಳ್ಳಿ: ಧಕ್ಕೆ, ಮನೆಯಂಗಳ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಾಲುವೆ, ಉಪ್ಪುನೀರು ಬರುವ ಗಜನಿ ಗದ್ದೆ, ಮೀನು ಪೇಟೆ, ಶಾಲೆ. ಅಂಗಡಿ ಬೋರ್ಡಿನ ಅಕ್ಷರಗಳೆಲ್ಲ ಬೇರೆ ಪದರದಲ್ಲಿರಲಿ, ಬೇರೆ ಭಾಷೆಗೆ ಹೋದಾಗ ಹಿನ್ನೆಲೆಯನ್ನೇ ಮತ್ತೆ ಬರೆಯುವ ಪಾಡು ತಪ್ಪುತ್ತದೆ.

ಶಿರಸಿ ಪೆನ್ಸಿಲ್:

ರಿಗ್ ವಿಷಯದಲ್ಲಿ ಮೇಲಿನವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಹುಡುಗಿಗೆ, ಉಳಿದ ಊರವರಿಗೆ ರಿಗ್ ಸರಿ. ವೇಷಧಾರಿ ಕುಣಿಯುವಾಗ ರಿಗ್ ಹಾಕಿದರೆ ಜೀವವೇ ಇರುವುದಿಲ್ಲ. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ಬಡಗುತಿಟ್ಟಿನ ಕುಣಿತದಲ್ಲಿ ತೂಕ ಮಂಡಿಯಿಂದ ನೆಲಕ್ಕೆ ಇಳಿಯುತ್ತದೆ, ತುಂಡು ಜೋಡಿಸಿದ ಕಾಲಿನಲ್ಲಿ ಅದು ಹಗುರವಾಗಿ ತೇಲುತ್ತದೆ. ಕಂತಿಗೆ 8–10 ಸೆಕೆಂಡ್ ಕುಣಿತವನ್ನು ಮಾತ್ರ ಕೈಯಲ್ಲಿ ಬರೆಯಿರಿ, ಎರಡು ಫ್ರೇಮಿಗೊಂದು ಲೆಕ್ಕದಲ್ಲಿ 125 ಚಿತ್ರದ ಒಳಗೇ ಆಗುತ್ತದೆ. ಚಂಡೆಯ ಪೆಟ್ಟುಗಳನ್ನು ಟೈಮ್‌ಲೈನಿನಲ್ಲಿ ಗುರುತು ಹಾಕಿಕೊಂಡು, ಪಾದ ನೆಲ ಮುಟ್ಟುವ ಚಿತ್ರವನ್ನು ಪೆಟ್ಟಿನ ಫ್ರೇಮಿಗೇ ಇಡಿ, ಸೊಂಟ ಇನ್ನೂ ಕೆಳಗಿಳಿಯುವ ಚಿತ್ರ ಅದಾದ 2–3 ಫ್ರೇಮಿಗೆ ಬರಲಿ.

ವೇಷವನ್ನು ಇದ್ದ ಹಾಗೆ ಬರೆಯಲು ಹೋದರೆ ಮುಗಿಯುವುದಿಲ್ಲ. ಕಸೆ ಸೀರೆಯ ಚೌಕುಳಿಯನ್ನು ಪ್ರತಿ ಚಿತ್ರದಲ್ಲೂ ಬರೆದರೆ ಗೆರೆಗಳು ತೆರೆಯ ಮೇಲೆ ಇರುವೆ ಹರಿದಂತೆ ನಡುಗುತ್ತವೆ. ಎರಡು ಗಟ್ಟಿ ಬಣ್ಣ, ಅಂಚಿಗೆ ಒಂದು ಪಟ್ಟಿ, ಅಷ್ಟಕ್ಕೆ ಬಿಡಿ. ತಲೆಗೆ ಕಟ್ಟುವ ಕೇದಗೆ ಮುಂದಲೆಯ ಹೊರ ಆಕಾರ, ಭುಜಕೀರ್ತಿ, ಎದೆಕಟ್ಟು ಇವು ಮೂರು ಸರಿಯಿದ್ದರೆ ನಮ್ಮ ಕಡೆಯ ಮಗು ದೂರದಿಂದಲೇ ಗುರುತಿಸುತ್ತದೆ. ಪಾತ್ರವನ್ನು ಪೂರ್ತಿ ಕಪ್ಪು ತುಂಬಿ ನೋಡಿ. ನೆರಳಿನಲ್ಲೂ ಮೂವರು ಬೇರೆ ಬೇರೆ ಕಾಣಬೇಕು. ದಕ್ಷಿಣದ ಶೈಲಿಯಾದ ತೆಂಕಿನ ಕಿರೀಟವನ್ನು ತಂದು ಬಡಗಿನ ವೇಷಕ್ಕೆ ಇಡುವ ತಪ್ಪು ಮಾತ್ರ ಬೇಡ. ಗುಣವಂತೆ, ಹೊನ್ನಾವರದ ಕಡೆ ಆಟ ನೋಡುವಾಗ ವೇಷ ಕಟ್ಟುವ ಚೌಕಿಯಲ್ಲಿ ಅನುಮತಿ ಕೇಳಿ ಸ್ಕೆಚ್ ಮಾಡಿಕೊಳ್ಳಿ, ಫೋಟೊದಲ್ಲಿ ಕಟ್ಟುವ ಕ್ರಮ ತಿಳಿಯುವುದಿಲ್ಲ.

ಕರಾರುಪತ್ರ:

ಕದಿಯುವ ಪ್ರಶ್ನೆಗೆ. ಬರೀ ಐಡಿಯಾಗೆ ಕಾಪಿರೈಟ್ ಇಲ್ಲ. ನೀರುನಾಯಿಯ ಜತೆ ಹುಡುಗಿ ಎಂಬ ಕಲ್ಪನೆ ಯಾರೂ ಮಾಡಬಹುದು. ನೀವು ಬರೆದ ಬೈಬಲ್, ಚಿತ್ರಕಥೆ, ಪಾತ್ರಗಳ ಚಿತ್ರ, ಇವಕ್ಕೆ ಮಾಡಿದ ಕ್ಷಣದಿಂದಲೇ ಹಕ್ಕಿದೆ. ನೋಂದಣಿ ಕಡ್ಡಾಯವಲ್ಲ, ಆದರೆ ತಗಾದೆ ಬಂದಾಗ ಸಾಕ್ಷಿಯಾಗುತ್ತದೆ. ಬೈಬಲನ್ನು ಸಾಹಿತ್ಯ ಕೃತಿಯಾಗಿ, ಪಾತ್ರಗಳ ಹಾಳೆಯನ್ನು ಕಲಾಕೃತಿಯಾಗಿ ಬೇರೆ ಬೇರೆ ಅರ್ಜಿ ಹಾಕಿ, ಆನ್‌ಲೈನಿನಲ್ಲೇ ಆಗುತ್ತದೆ. ಒಂದೊಂದಕ್ಕೆ 500 ರೂಪಾಯಿ. ಅರ್ಜಿಗೆ ಡೈರಿ ನಂಬರ್ ಬಂದಮೇಲೆ ಆಕ್ಷೇಪಣೆಗೆಂದು 30 ದಿನ ಕಾಯುತ್ತಾರೆ.

ಕಳ್ಳತನಕ್ಕಿಂತ ಹೆಚ್ಚು ಭಯಪಡಬೇಕಾದದ್ದು ಸಹಿಗೆ. ‘ಎಲ್ಲ ಮಾಧ್ಯಮ, ಇಡೀ ವಿಶ್ವ, ಶಾಶ್ವತ’ ಎಂಬ ಮೂರು ಮಾತು ಒಂದೇ ಸಾಲಿನಲ್ಲಿದ್ದರೆ ಪಾತ್ರವೇ ಕೈಬಿಟ್ಟಿತು ಎಂದು ತಿಳಿಯಿರಿ. 1957ರ ಕಾಪಿರೈಟ್ ಕಾಯ್ದೆಯ 19ನೇ ಕಲಮಿನಂತೆ ಹಕ್ಕಿನ ವರ್ಗಾವಣೆ ಬರಹದಲ್ಲೇ ಇರಬೇಕು, ಅವಧಿ ಬರೆಯದಿದ್ದರೆ 5 ವರ್ಷ, ವ್ಯಾಪ್ತಿ ಬರೆಯದಿದ್ದರೆ ಭಾರತ ಮಾತ್ರ. ಟಿವಿ ಪ್ರಸಾರ ಕೊಡಿ, ಆಟಿಕೆ, ಪುಸ್ತಕ, ಆಟಗಳ ಹಕ್ಕನ್ನು ಬೇರೆಯಾಗಿ ಮಾತಾಡಿ. ನೌಕರಿಯಲ್ಲಿದ್ದಾಗ ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಮಾಲೀಕರದ್ದಾಗುತ್ತದೆ. ಹಾಗಾಗಿ ಸ್ಟುಡಿಯೊ ಸೇರುವ ಮೊದಲೇ ಈ ಎರಡು ನೋಂದಣಿ ಮುಗಿಸಿಕೊಳ್ಳಿ. ಪುರಾಣದ ಕಥೆ ಎಲ್ಲರದ್ದು, ಆದರೆ ಈಗಿನ ಕವಿ ಬರೆದ ಪ್ರಸಂಗದ ಪದ್ಯ, ಭಾಗವತರ ಧ್ವನಿಮುದ್ರಣ ಹಾಗಲ್ಲ. ಅವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಬೆಂಗಳೂರಿನಲ್ಲಿ ವಾಸ ಮಾಡಬೇಕಾಗಿಲ್ಲ, ಹೋಗಿ ಬರಬೇಕು. ಅನಿಮೇಶನ್ ಉದ್ಯಮದ ಸಂಘ ಅಬಾಯ್ ನಡೆಸುವ ಗ್ಯಾಫೆಕ್ಸ್ ಸಮ್ಮೇಳನದಲ್ಲಿ ನಿರ್ಮಾಪಕರು ಎದುರಿಗೇ ಸಿಗುತ್ತಾರೆ. ವಾಹಿನಿಗೆ ನೇರ ಮೇಲ್ ಹಾಕಿದರೆ ಉತ್ತರ ಬರುವುದು ಅಪರೂಪ, ಸರಣಿ ಮಾಡಿ ಅನುಭವವಿರುವ ಸ್ಟುಡಿಯೊ ಜತೆಗಿದ್ದರೆ ಬಾಗಿಲು ತೆರೆಯುತ್ತದೆ.

ಕಾಳಿದಂಡೆ:

ಎಲ್ಲರಿಗೂ ತುಂಬಾ ಧನ್ಯವಾದ. 26 ಸಾಲು ಬರೆಯಲು ಇವತ್ತೇ ಕೂರುತ್ತೇನೆ. ಇನ್ನೊಂದು ಕೇಳಬೇಕಿತ್ತು. ಧ್ವನಿ ಮನೆಯಲ್ಲೇ ಮುದ್ರಿಸಬಹುದಾ? ಹುಡುಗಿಯ ಮಾತಿಗೆ ನಮ್ಮ ಪಕ್ಕದ ಮನೆಯ ಮಗುವನ್ನೇ ಕರೆಯೋಣ ಅಂತಿದ್ದೇನೆ.

ತದಡಿರೇಖೆ:

ಮುದ್ರಿಸಬಹುದು, ಆದರೆ ಜೂನ್‌ನಿಂದ ಸೆಪ್ಟೆಂಬರ್ ಕೆಲಸವಲ್ಲ ಅದು. ಹಂಚಿನ ಮೇಲೆ, ತಗಡಿನ ಮೇಲೆ ಬೀಳುವ ಮಳೆಯ ಸದ್ದನ್ನು ಆಮೇಲೆ ತೆಗೆಯಲು ಹೋದರೆ ಮಾತಿನ ಸ, ಶ ಎಲ್ಲ ಅದರ ಜತೆಗೇ ಹೋಗುತ್ತವೆ. ಮಳೆಗಾಲದಲ್ಲಿ ಸ್ಟೋರಿಬೋರ್ಡ್ ಮಾಡಿ, ಲ್ಯಾಪ್‌ಟಾಪಿಗೆ ಯುಪಿಎಸ್ ಇರಲಿ, ಧ್ವನಿಯನ್ನು ನವೆಂಬರ್ ನಂತರ ಇಟ್ಟುಕೊಳ್ಳಿ. ಬಟ್ಟೆ ತುಂಬಿದ ಕಪಾಟಿನ ಕೋಣೆ, ಬೆನ್ನ ಹಿಂದೆ ದಪ್ಪ ಕಂಬಳಿ, ಫ್ಯಾನ್ ಬಂದ್, ಮೈಕ್ ಒಂದು ಗೇಣು ದೂರ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಮಾತು, ಸಂಗೀತ, ಸದ್ದು ಮೂರನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಉಳಿಸಿ, ಡಬ್ಬಿಂಗಿಗೆ ಅದನ್ನೇ ಕೇಳುತ್ತಾರೆ.

ಅನಿಮ್ಯಾಟಿಕ್‌ಗೆ ಹೆತ್ತವರನ್ನು ಕೇಳಿ ಆ ಮಗುವಿನ ಧ್ವನಿ ತೆಗೆದುಕೊಳ್ಳಿ, ಕರಾವಳಿಯ ಮಗುವಿನ ಮಾತಿನ ಓಟ ದೊಡ್ಡವರಿಗೆ ಬರುವುದಿಲ್ಲ. ಸರಣಿ ನಿಜವಾಗಿ ನಡೆಯುವಾಗ ನಿಯಮ ಬೇರೆ: ಬಾಲ ಕಲಾವಿದರಿಗೆ ಜಿಲ್ಲಾಧಿಕಾರಿಯ ಅನುಮತಿ ಬೇಕು, ದಿನಕ್ಕೆ 5 ಗಂಟೆಗಿಂತ ಹೆಚ್ಚಿಲ್ಲ, ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚಿಲ್ಲ, ಗಳಿಕೆಯ ಕನಿಷ್ಠ 20 ಶೇಕಡಾ ಮಗುವಿನ ಹೆಸರಿನ ಠೇವಣಿಗೆ ಹೋಗಬೇಕು. ಧ್ವನಿಯೂ ಒಡೆದು ಬದಲಾಗುವ ವಯಸ್ಸು ಹತ್ತಿರದಲ್ಲೇ ಇರುತ್ತದೆ. 26 ಕಂತಿನ ಮಾತನ್ನು ವರ್ಷಗಟ್ಟಲೆ ಎಳೆಯದೆ ಒಂದೇ ಬೇಸಿಗೆ ರಜೆಯಲ್ಲಿ ಮುಗಿಸುವ ಹಾಗೆ ಚಿತ್ರಕಥೆಗಳನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ.