ಹದಿಮೂರರ ಬೇಸ್‌ಬಾಲ್ ಆಟಗಾರನ ಸಾಮರ್ಥ್ಯವನ್ನು ಅಂಕಿಗಳಿಂದ ಅಳೆಯಬಹುದೇ?

ಪ್ರಶ್ನೆ (ನ್ಯೂಜೆರ್ಸಿಯಿಂದ ಒಬ್ಬ ತಂದೆ)

ನಮ್ಮ ಮಗನಿಗೆ ಈಗ ಹದಿಮೂರು ವರ್ಷ. ಇಲ್ಲಿಯೇ ಹುಟ್ಟಿ ಬೆಳೆದವನಾದ್ದರಿಂದ ನನಗೆ ಕ್ರಿಕೆಟ್ ಹೇಗೋ ಅವನಿಗೆ ಬೇಸ್‌ಬಾಲ್ ಹಾಗೆ. ಊರೂರಿಗೆ ಹೋಗಿ ಪಂದ್ಯವಾಡುವ ಟ್ರಾವೆಲ್ ತಂಡವೊಂದರಲ್ಲಿ ಶಾರ್ಟ್‌ಸ್ಟಾಪ್ (ಓಟಗಾರ ಮುಟ್ಟಿ ಹೋಗುವ ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ಆಗಿ ಆಡುತ್ತಾನೆ, ಆಗಾಗ ಪಿಚಿಂಗ್ (ಬ್ಯಾಟರ್‌ಗೆ ಚೆಂಡೆಸೆಯುವುದು) ಸಹ ಮಾಡುತ್ತಾನೆ. ಇತ್ತೀಚೆಗೆ ಒಂದು ಮೌಲ್ಯಮಾಪನ ಶಿಬಿರದಲ್ಲಿ 60 ಗಜಗಳ ಓಟಕ್ಕೆ 8.2 ಸೆಕೆಂಡು ತೆಗೆದುಕೊಂಡ. ಎಸೆತದ ವೇಗ ಗಂಟೆಗೆ 62 ಮೈಲಿ, ಅವನ ಬ್ಯಾಟಿಗೆ ತಗುಲಿ ಹೊರಟ ಚೆಂಡಿನ ವೇಗ 65 ಮೈಲಿ ಎಂದು ದಾಖಲಾಯಿತು. ಅದೇ ಗುಂಪಿನ ಕೆಲವು ಹುಡುಗರಿಗೆ ಆಗಲೇ ಮೀಸೆ ಚಿಗುರಿದೆ. ಅವರು ಇವನಿಗಿಂತ ಒಂದು ತಲೆ ಎತ್ತರ. ಅವರ ಅಂಕಿಗಳ ಪಕ್ಕದಲ್ಲಿ ಇವನದನ್ನು ಇಟ್ಟು ನೋಡಿದ ತರಬೇತುದಾರರು, ಇವನನ್ನು ಎರಡನೆಯ ತಂಡಕ್ಕೆ ಹಾಕುವುದಾಗಿಯೂ, ಚಳಿಗಾಲದ ಖಾಸಗಿ ತರಬೇತಿಗೆ ಸೇರಿಸಿದರೆ ಎಸೆತದ ವೇಗ ಹೆಚ್ಚುವುದೆಂದೂ ಹೇಳಿದರು. ಈ ಅಂಕಿಗಳನ್ನು ಎಷ್ಟರ ಮಟ್ಟಿಗೆ ನಂಬಬೇಕು? ಈ ಆಟವನ್ನು ಆಡಿ ಬೆಳೆಯದ ನಾನು ಅವನಲ್ಲಿ ಏನನ್ನು ಗಮನಿಸಬೇಕು?

ಉತ್ತರ 1 (ಹೈಸ್ಕೂಲ್ ತಂಡದ ಸಹಾಯಕ ತರಬೇತುದಾರ, ಟೆಕ್ಸಸ್)

ವೃತ್ತಿಪರ ಸ್ಕೌಟ್‌ಗಳು (ತಂಡಗಳಿಗಾಗಿ ಆಟಗಾರರನ್ನು ಹುಡುಕುವವರು) ಆಟಗಾರನಲ್ಲಿ ಐದು ಗುಣಗಳನ್ನು ನೋಡುತ್ತಾರೆ: ಚೆಂಡನ್ನು ಬ್ಯಾಟಿಗೆ ತಾಗಿಸುವ ಕೌಶಲ, ಹೊಡೆತದ ಬಲ, ಓಟ, ಫೀಲ್ಡಿಂಗ್ ಮತ್ತು ತೋಳಿನ ಶಕ್ತಿ. ಪ್ರತಿಯೊಂದಕ್ಕೂ 20ರಿಂದ 80ರವರೆಗೆ ಅಂಕ ಕೊಡುತ್ತಾರೆ. ಇಲ್ಲಿನ ಅತ್ಯುನ್ನತ ವೃತ್ತಿಪರ ಮಟ್ಟವಾದ ಮೇಜರ್ ಲೀಗ್‌ನ ಸರಾಸರಿ ಆಟಗಾರನಿಗೆ 50. ಮುಖ್ಯವಾದ ಸಂಗತಿಯೆಂದರೆ, ಒಂದೊಂದು ಗುಣಕ್ಕೂ ಅವರು ಎರಡೆರಡು ಅಂಕ ಬರೆಯುತ್ತಾರೆ, ಒಂದು ಇಂದಿನದು, ಇನ್ನೊಂದು ಮುಂದೆ ತಲುಪಬಹುದಾದದ್ದು. ಹದಿನೇಳು, ಹದಿನೆಂಟರ ಹುಡುಗರ ವಿಷಯದಲ್ಲಿಯೇ ಆ ಎರಡು ಅಂಕಗಳ ನಡುವೆ ದೊಡ್ಡ ಅಂತರವಿರುತ್ತದೆ. ಹಾಗಿರುವಾಗ ಹದಿಮೂರರ ಹುಡುಗನ ಇಂದಿನ ಅಂಕವನ್ನೇ ನಾಳೆಯ ಅಂಕವೆಂದು ತಿಳಿಯುವುದು ಸರಿಯಲ್ಲ.

ಸಾಮಾನ್ಯವಾಗಿ ಗಂಡುಮಕ್ಕಳು ಅತಿ ವೇಗವಾಗಿ ಎತ್ತರ ಬೆಳೆಯುವುದು ಹದಿಮೂರು, ಹದಿನಾಲ್ಕರ ಸುಮಾರಿಗೆ. ಬೇಗ ಬೆಳೆದವನು ಬಲದಿಂದ ಗೆಲ್ಲುತ್ತಾನೆ. ಮಿಕ್ಕವರು ಅವನ ಎತ್ತರಕ್ಕೆ ಬಂದ ಮೇಲೆ ಕೌಶಲ ಯಾರಲ್ಲಿದೆ ಎಂಬುದು ಗೊತ್ತಾಗುತ್ತದೆ. ಇದರ ಜೊತೆಗೆ ಮೈದಾನವೂ ಬದಲಾಗುತ್ತದೆ. ಹನ್ನೆರಡರವರೆಗೆ ಲಿಟಲ್ ಲೀಗ್ ಎಂಬ ಮಕ್ಕಳ ಬೇಸ್‌ಬಾಲ್‌ನಲ್ಲಿ ಪಿಚರ್ 46 ಅಡಿ ದೂರದಿಂದ ಎಸೆಯುತ್ತಾನೆ, ಬೇಸ್‌ಗಳ ನಡುವೆ 60 ಅಡಿ ಅಂತರವಿರುತ್ತದೆ. ಪೂರ್ಣ ಅಳತೆಯ ಮೈದಾನದಲ್ಲಿ ಅವು 60 ಅಡಿ 6 ಅಂಗುಲ ಮತ್ತು 90 ಅಡಿ. ಚಿಕ್ಕ ಮೈದಾನದಲ್ಲಿ ಮೆರೆದ ಎಷ್ಟೋ ಹುಡುಗರು ಇಲ್ಲಿಗೆ ಬಂದು ಮಂಕಾಗುವುದನ್ನು ಕಂಡಿದ್ದೇನೆ.

ನೀವು ನೋಡಬೇಕಾದದ್ದು ಬೇರೆ. ಶಾರ್ಟ್‌ಸ್ಟಾಪ್‌ನಲ್ಲಿ ನಿಂತಾಗ, ಚೆಂಡು ಬ್ಯಾಟಿಗೆ ತಗುಲುವ ಹೊತ್ತಿಗೆ ಅವನ ಪಾದಗಳು ಎದ್ದು ಸಿದ್ಧವಾಗಿವೆಯೇ, ಅಥವಾ ಹಿಮ್ಮಡಿಯ ಮೇಲೆ ಕುಳಿತಿವೆಯೇ? ಮೊದಲ ಹೆಜ್ಜೆ ಸರಿಯಾದ ದಿಕ್ಕಿಗೆ ಬೀಳುತ್ತದೆಯೇ? ಗ್ಲೌವಿನಿಂದ ಬರಿಗೈಗೆ ಚೆಂಡು ಬದಲಾಗುವಾಗ ಕೈಗಳು ಮೃದುವಾಗಿರುತ್ತವೆಯೇ? ಬ್ಯಾಟಿಂಗ್‌ನಲ್ಲಿ, ಸ್ಟ್ರೈಕ್ ವಲಯದ (ಬ್ಯಾಟರ್‌ನ ಎದುರು ಮೊಣಕಾಲಿನಿಂದ ಎದೆಯ ಮಟ್ಟದವರೆಗಿನ ಜಾಗ) ಹೊರಗೆ ಹೋಗುವ ಚೆಂಡನ್ನು ಬಿಡುವ ತಾಳ್ಮೆ ಅವನಿಗಿದೆಯೇ? ಮೊದಲ ಬಾರಿ ನಿಧಾನದ ಚೆಂಡಿಗೆ ಮೋಸಹೋದವನು, ಅದೇ ಪಿಚರ್ ಎದುರು ಎರಡನೆಯ ಬಾರಿ ನಿಂತಾಗ ತನ್ನನ್ನು ತಿದ್ದಿಕೊಂಡನೇ? ಈ ಕೊನೆಯ ಪ್ರಶ್ನೆಗೆ ನಾನು ಎಲ್ಲಕ್ಕಿಂತ ಹೆಚ್ಚಿನ ಬೆಲೆ ಕೊಡುತ್ತೇನೆ, ಏಕೆಂದರೆ ವೇಗ ಅಳೆಯುವ ರೇಡಾರ್ ಗನ್ ಇದನ್ನು ತೋರಿಸಲಾರದು.

ಉತ್ತರ 2 (ಮಕ್ಕಳ ಫಿಸಿಯೋಥೆರಪಿಸ್ಟ್, ಕ್ಯಾಲಿಫೋರ್ನಿಯಾ)

ಚಳಿಗಾಲದ ವೇಗ ತರಬೇತಿಯ ಮಾತು ಓದಿ ನನಗೆ ಆತಂಕವಾಯಿತು. ಈ ವಯಸ್ಸಿನಲ್ಲಿ ಭುಜ ಮತ್ತು ಮೊಣಕೈಯ ಮೂಳೆಗಳ ಬೆಳವಣಿಗೆಯ ಭಾಗ ಇನ್ನೂ ಎಳೆಯ ಮೃದ್ವಸ್ಥಿಯಾಗಿರುತ್ತದೆ. ಅತಿಯಾಗಿ ಎಸೆದಾಗ ಮೊದಲು ಪೆಟ್ಟು ತಿನ್ನುವುದು ಅದೇ. ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ರೂಪಿಸಿದ ಪಿಚ್ ಸ್ಮಾರ್ಟ್ ಮಾರ್ಗಸೂಚಿಯ ಪ್ರಕಾರ, 13–14ರ ಹುಡುಗ ಒಂದು ದಿನದಲ್ಲಿ 95ಕ್ಕಿಂತ ಹೆಚ್ಚು ಪಿಚ್ (ಪಿಚರ್ ಆಗಿ ಬ್ಯಾಟರ್‌ಗೆ ಎಸೆಯುವ ಚೆಂಡು) ಎಸೆಯಬಾರದು, 66 ಅಥವಾ ಹೆಚ್ಚು ಎಸೆದ ಮೇಲೆ ನಾಲ್ಕು ದಿನ ವಿಶ್ರಾಂತಿ ಬೇಕು. ವರ್ಷದಲ್ಲಿ ಕನಿಷ್ಠ ನಾಲ್ಕು ತಿಂಗಳು ಎಸೆತದಿಂದಲೇ ಬಿಡುವು ಇರಬೇಕು, ಅದರಲ್ಲಿ ಎರಡು ಮೂರು ತಿಂಗಳಾದರೂ ಸತತವಾಗಿರಬೇಕು. ಚಳಿಗಾಲ ಆ ಬಿಡುವಿನ ಕಾಲ. ನಿಮ್ಮ ಮಗ ಶಾರ್ಟ್‌ಸ್ಟಾಪ್ ಆಗಿಯೂ ಎಸೆಯುವುದರಿಂದ, ಪಿಚ್ ಲೆಕ್ಕಕ್ಕೆ ಸೇರದ ಎಸೆತಗಳು ಬಹಳಷ್ಟಿರುತ್ತವೆ ಎಂಬುದನ್ನು ಮರೆಯಬೇಡಿ. ಆಟ ಮುಗಿದ ಮರುದಿನ ಬೆಳಿಗ್ಗೆ ತಲೆ ಬಾಚುವಾಗ ಅವನು ಮೊಣಕೈ ಎತ್ತಲು ಹಿಂಜರಿದರೆ, ಅವನು ಬಾಯಿಬಿಟ್ಟು ಹೇಳುವವರೆಗೆ ಕಾಯದೆ ವೈದ್ಯರಿಗೆ ತೋರಿಸಿ.

ಉತ್ತರ 3 (ಬೇಸ್‌ಬಾಲ್ ಅಭಿಮಾನಿ, ಬೆಂಗಳೂರು)

ಅಂಕಿಗಳನ್ನು ಪೂರ್ತಿ ತಳ್ಳಿಹಾಕಬೇಡಿ ಎಂಬುದು ನನ್ನ ಅಭಿಪ್ರಾಯ. ಬೇರೆ ಹುಡುಗರ ಪಕ್ಕದಲ್ಲಿ ಇಡುವ ಬದಲು ಅವನದೇ ಹಿಂದಿನ ಅಂಕಿಯ ಪಕ್ಕದಲ್ಲಿಟ್ಟರೆ ಅವು ಉಪಯುಕ್ತ. ಆರು ತಿಂಗಳಿಗೊಮ್ಮೆ ಎತ್ತರ, ತೂಕ, ಓಟದ ಸಮಯ ಬರೆದಿಡಿ. ಅವನ ಜನ್ಮದಿನ ವಯೋಮಿತಿಯ ಗಡಿಯ (ವಯಸ್ಸಿನ ಗುಂಪನ್ನು ನಿರ್ಧರಿಸುವ ದಿನಾಂಕದ) ಯಾವ ಕಡೆಗಿದೆ ಎಂಬುದನ್ನೂ ಗಮನಿಸಿ. ಅಮೆರಿಕದಲ್ಲಿ ಜುಲೈ 31 ವಯೋಮಿತಿಯ ಗಡಿಯಾಗಿದ್ದ ಕಾಲದಲ್ಲಿ ಬೆಳೆದು ಮೇಜರ್ ಲೀಗ್ ತಲುಪಿದ ಅಲ್ಲಿನ ಆಟಗಾರರಲ್ಲಿ, ಜುಲೈನಲ್ಲಿ ಹುಟ್ಟಿದವರಿಗಿಂತ ಆಗಸ್ಟ್‌ನಲ್ಲಿ ಹುಟ್ಟಿದವರು ಎದ್ದು ಕಾಣುವಷ್ಟು ಹೆಚ್ಚು. ತನ್ನ ಗುಂಪಿನಲ್ಲಿ ಹಿರಿಯನಾಗಿದ್ದವನಿಗೆ ಅವಕಾಶವೂ ತರಬೇತಿಯೂ ಹೆಚ್ಚು ಸಿಗುತ್ತಾ ಹೋದದ್ದೇ ಕಾರಣವೆಂದು ತೋರುತ್ತದೆ.

ಹೋಸೆ ಅಲ್ಟುವೆ ವೆನೆಜುವೆಲಾದ ಆಯ್ಕೆ ಶಿಬಿರದಲ್ಲಿ ತೀರಾ ಗಿಡ್ಡನೆಂದು ತಿರಸ್ಕೃತನಾಗಿ, ಮರುದಿನ ಮತ್ತೆ ಹೋಗಿ, 2007ರಲ್ಲಿ ಕೇವಲ 15,000 ಡಾಲರ್‌ಗೆ ಮೇಜರ್ ಲೀಗ್ ತಂಡವಾದ ಹ್ಯೂಸ್ಟನ್ ಆಸ್ಟ್ರೋಸ್ ಸೇರಿದವರು. 2017ರಲ್ಲಿ, ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲೊಂದಾದ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರರಾದರು. ಇಂಥವರು ಅಪರೂಪವೆಂದು ನಾನೂ ಒಪ್ಪುತ್ತೇನೆ. ಆದರೆ ತೋಳಿನ ವೇಗವೊಂದೇ ಸಾಲದೆಂಬುದಕ್ಕೆ ನಮ್ಮ ದೇಶದ್ದೇ ನಿದರ್ಶನವಿದೆ. 2008ರ ಎಸೆತದ ಸ್ಪರ್ಧೆಯೊಂದರಿಂದ ಆಯ್ಕೆಯಾದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಜೊತೆ ಒಪ್ಪಂದ ಮಾಡಿಕೊಂಡರೂ ಮೇಜರ್ ಲೀಗ್ ತಲುಪಲಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಗ ಏಪ್ರಿಲ್ ಕೊನೆಯಲ್ಲಿ ಹುಟ್ಟಿದವನು. ನಮ್ಮ ಟ್ರಾವೆಲ್ ತಂಡದ ವಯೋಮಿತಿಯ ಗಡಿ ಏಪ್ರಿಲ್ 30, ಆದ್ದರಿಂದ ಅವನೇ ಗುಂಪಿನ ಕಿರಿಯ. ಖಾಸಗಿ ತರಬೇತಿಯನ್ನು ಬಿಡುತ್ತೇವೆ. ಎರಡನೆಯ ತಂಡದಲ್ಲಿ ಆಡಿದರೆ ಅವನಿಗೆ ನಷ್ಟವಾಗುತ್ತದೆಯೇ?

ಉತ್ತರ 1 ಬರೆದವರು

ಅಲ್ಲಿ ಅವನಿಗೆ ಪ್ರತಿ ಪಂದ್ಯದಲ್ಲಿ ಶಾರ್ಟ್‌ಸ್ಟಾಪ್ ಸ್ಥಾನ ಮತ್ತು ಮೂರು ನಾಲ್ಕು ಬಾರಿ ಬ್ಯಾಟಿಂಗ್ ಸಿಗುವುದಾದರೆ ಖಂಡಿತ ಸೇರಿಸಿ. ಮೊದಲ ತಂಡದ ಬೆಂಚಿನಲ್ಲಿ ಕೂರುವುದೇ ಈ ವಯಸ್ಸಿನಲ್ಲಿ ನಿಜವಾದ ನಷ್ಟ. ಸೇರಿಸುವ ಮುನ್ನ ಆ ತಂಡದ ತರಬೇತುದಾರರು ಪಿಚ್ ಎಣಿಕೆಯನ್ನು ಬರೆದಿಡುತ್ತಾರೆಯೇ ಎಂದು ಕೇಳಿ, ಇಲ್ಲವೆಂದರೆ ನೀವೇ ಒಂದು ಪುಸ್ತಕ ಹಿಡಿದು ಎಣಿಸಿ.