ಅಪ್‌ಡೇಟ್: ಟ್ರೈಕೆಟಗರಿಯನ್ನು ಪೂರ್ತಿ ಸ್ಟ್ರಿಕ್ಟ್ ಮಾಡಬಹುದೇ?

ಕೆಟಗರಿ ಎಂದರೆ ಆಬ್ಜೆಕ್ಟ್‌ಗಳು ಮತ್ತು ಅವುಗಳ ನಡುವಿನ ಬಾಣಗಳು (1-ಸೆಲ್). ಬೈಕೆಟಗರಿಯಲ್ಲಿ ಬಾಣಗಳ ನಡುವೆಯೂ ಬಾಣಗಳಿರುತ್ತವೆ (2-ಸೆಲ್), ಟ್ರೈಕೆಟಗರಿಯಲ್ಲಿ ಇನ್ನೂ ಒಂದು ಹಂತ (3-ಸೆಲ್). ಜೋಡಣೆಯ ನಿಯಮಗಳು ನಿಖರ ಸಮೀಕರಣಗಳಾಗಿ ನಿಂತರೆ ಅದು ಸ್ಟ್ರಿಕ್ಟ್; ಇವೆರಡರಲ್ಲಿ ಅವು ಮೇಲಿನ ಹಂತದ ಸೆಲ್‌ಗಳ ಮೂಲಕ ಮಾತ್ರ ನಿಂತರೂ ಸಾಕು. ನಾನು ಕೇಳಿದ್ದು ಇಷ್ಟೇ: ಪ್ರತಿ ಬೈಕೆಟಗರಿಗೂ ಸಮಾನವಾದ ಸ್ಟ್ರಿಕ್ಟ್ 2-ಕೆಟಗರಿ ಇದೆಯಲ್ಲ, ಟ್ರೈಕೆಟಗರಿಗೂ ಹಾಗೆಯೇ ಸ್ಟ್ರಿಕ್ಟ್ 3-ಕೆಟಗರಿ ಸಿಗುತ್ತದೆಯೇ? ಉತ್ತರ: ಎಲ್ಲಕ್ಕೂ ಸಿಗುವುದಿಲ್ಲ. ಗಾರ್ಡನ್, ಪವರ್, ಸ್ಟ್ರೀಟ್ 1995ರಲ್ಲಿ ಸಾಧಿಸಿದ ಪ್ರಮೇಯ ಗ್ರೇ-ಕೆಟಗರಿ ಎಂಬ ಬಹುಪಾಲು ಸ್ಟ್ರಿಕ್ಟ್ ಆದ ರಚನೆಯವರೆಗೆ ಕರೆದೊಯ್ಯುತ್ತದೆ, ಅಷ್ಟೇ.

ಏಕೆಂದು ತಿಳಿಯಲು ಒಂದೇ ಆಬ್ಜೆಕ್ಟ್, ಒಂದೇ 1-ಸೆಲ್ ಇರುವ ಉದಾಹರಣೆಯನ್ನು ಕೂತು ಬಿಡಿಸಿದೆ. ಅಲ್ಲಿ 2-ಸೆಲ್‌ಗಳನ್ನು ಎರಡು ಬಗೆಯಲ್ಲಿ ಜೋಡಿಸಬಹುದು: ಒಂದರ ಪಕ್ಕ ಒಂದಾಗಿ, ಒಂದರ ಮೇಲೆ ಒಂದಾಗಿ. ಇಂಟರ್‌ಚೇಂಜ್ ನಿಯಮ (ಎರಡೂ ಬಗೆಯನ್ನು ಬೆರೆಸುವಾಗ ಯಾವುದನ್ನು ಮೊದಲು ಮಾಡಿದರೂ ಫಲ ಒಂದೇ ಎನ್ನುವುದು) ಸಮೀಕರಣವಾಗಿಯೇ ನಿಂತರೆ ಎಕ್ಮನ್–ಹಿಲ್ಟನ್ ವಾದ ಎರಡನ್ನೂ ಒಂದಾಗಿಸಿ ಕ⊗ಖ = ಖ⊗ಕ ಎನ್ನಿಸುತ್ತದೆ (⊗ ಎಂದರೆ ಆ ಜೋಡಣೆ), ಕ⊗ಖ ಅನ್ನು ಖ⊗ಕ ಆಗಿ ಅದಲುಬದಲು ಮಾಡುವ ಬ್ರೇಡಿಂಗ್ (ಹೆಣಿಗೆ) ಏನನ್ನೂ ಬದಲಿಸದ ಐಡೆಂಟಿಟಿಯಾಗುತ್ತದೆ. ಆದರೆ ಜಡೆಯಲ್ಲಿ ಎರಡು ಎಳೆಗಳನ್ನು ಒಂದೇ ದಿಕ್ಕಿಗೆ ಎರಡು ಸಲ ಹೆಣೆದರೆ ಅವು ಬಿಚ್ಚಿಕೊಳ್ಳುವುದಿಲ್ಲ! ಆ ಮಾಹಿತಿಯೇ ಅಳಿಸಿಹೋಗುತ್ತದೆ. ಗ್ರೇ-ಕೆಟಗರಿ ಸಹವರ್ತನ ನಿಯಮವನ್ನೂ ಯೂನಿಟ್ ನಿಯಮಗಳನ್ನೂ (ಏನೂ ಮಾಡದ ಸೆಲ್ ಜೊತೆ ಜೋಡಿಸಿದರೆ ಬದಲಾಗದು ಎನ್ನುವುವು) ಸ್ಟ್ರಿಕ್ಟ್ ಮಾಡಿದರೂ ಇಂಟರ್‌ಚೇಂಜನ್ನು ಐಸೊಮಾರ್ಫಿಸಂ (ಹಿಂದಕ್ಕೆ ತಿರುಗಿಸಬಹುದಾದ ಬಾಣ) ಆಗಿ ಉಳಿಸಿಕೊಳ್ಳುತ್ತದೆ. ಬ್ರೇಡಿಂಗ್ ಇರುವುದು ಅದರಲ್ಲೇ. ನನಗೆ ತುಂಬ ಚೆಂದ ಅನ್ನಿಸಿದ್ದು ಇದು.

ಮ್ಯಾಕ್ ಲೇನ್ ಪ್ರಮೇಯಕ್ಕೂ ಇದಕ್ಕೂ ವಿರೋಧವಿಲ್ಲ. ⊗ ಥರದ ಜೋಡಣೆ ಇರುವ ಮೊನಾಯ್ಡಲ್ ಕೆಟಗರಿಯಲ್ಲಿ ಆವರಣಗಳನ್ನು ಮರೆತರೂ ನಷ್ಟವಿಲ್ಲ ಎನ್ನುವುದು ಹಾಗೇ ನಿಲ್ಲುತ್ತದೆ.

ಈಗ ಸಿಂಪ್ಸನ್ ಊಹೆಯನ್ನು ಓದುತ್ತಿದ್ದೇನೆ: ಉಳಿದದ್ದೆಲ್ಲ ಸ್ಟ್ರಿಕ್ಟ್ ಇಟ್ಟು ಯೂನಿಟ್‌ಗಳನ್ನು ಮಾತ್ರ ಸಡಿಲ ಬಿಟ್ಟರೆ ಸಾಕೆನ್ನುತ್ತದೆ ಅದು. ಉತ್ತರಿಸಿದ ಎಲ್ಲರಿಗೂ ಧನ್ಯವಾದ.